ಬಾಣದ ವಿಷವೂ ಉಸಿರಿನ ಕಾವಲೂ

1923ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಡಾಕ್ಟರ್ ಈವಾ ಲೊಂಬಾರ್ಡ್ ಉಡುಪಿಯಲ್ಲಿ ಒಂದು ಆಸ್ಪತ್ರೆಯನ್ನು ತೆರೆದರು. ಊರವರ ಬಾಯಲ್ಲಿ ಅದು ಇಂದಿಗೂ ಮಿಷನ್ ಆಸ್ಪತ್ರೆ. ಆ ಕಾಲದಲ್ಲಿ ರೋಗಿಗೆ ಪೂರ್ತಿ ಎಚ್ಚರ ತಪ್ಪಿಸಿ ಹೊಟ್ಟೆ ಕೊಯ್ಯಬೇಕೆಂದರೆ, ಉಡುಪಿಯಲ್ಲಾಗಲಿ ಲಂಡನ್ನಿನಲ್ಲಾಗಲಿ, ಮೂಗು ಬಾಯಿಗಳ ಮೇಲೆ ಮುಸುಕು ಹಿಡಿದು ಈಥರನ್ನೋ ಕ್ಲೋರೋಫಾರ್ಮನ್ನೋ ಕೊಡುವುದೇ ಕ್ರಮ. ನಿದ್ದೆ ಹೇಗೋ ಬರುತ್ತಿತ್ತು. ಆದರೆ ಹೊಟ್ಟೆಯ ಸ್ನಾಯುಗಳು ಅಷ್ಟು ಸುಲಭವಾಗಿ ಮಣಿಯುವಂಥವಲ್ಲ. ನಿದ್ದೆಯಲ್ಲಿಯೂ ಅವು ಹಲಗೆಯಂತೆ ಬಿಗಿದು ನಿಂತು ಶಸ್ತ್ರವೈದ್ಯನ ಕೈಗೆ ಎದುರಾಡುತ್ತವೆ. ಅವನ್ನು ಸಡಿಲಿಸಲು ಇನ್ನಷ್ಟು ಈಥರು ಬೇಕು. ಇನ್ನಷ್ಟು ಕೊಟ್ಟಂತೆಲ್ಲ ಉಸಿರೂ ಗುಂಡಿಗೆಯೂ ಕುಂದುತ್ತವೆ. ಹೊಟ್ಟೆ ಸಡಿಲವಾಗುವ ಮಟ್ಟಕ್ಕೂ ಪ್ರಾಣ ಸಡಿಲವಾಗುವ ಮಟ್ಟಕ್ಕೂ ನಡುವೆ ಇದ್ದ ಓಣಿ ಬಹಳ ಕಿರಿದು.

ಇಂದು ಕಾಪುವಿನಿಂದಲೋ ಕಾರ್ಕಳದಿಂದಲೋ ಮಣಿಪಾಲಕ್ಕೆ ಹೋಗಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರ ಪಾಡು ಹಾಗಿಲ್ಲ. ನಿದ್ದೆಗೆ ಒಂದು ಮದ್ದು, ನೋವಿಗೆ ಇನ್ನೊಂದು, ಸ್ನಾಯುಗಳನ್ನು ಸಡಿಲಿಸುವುದಕ್ಕೆ ಬೇರೆಯೇ ಒಂದು ಚುಚ್ಚುಮದ್ದು. ಈ ಮೂರನೆಯದರ ಕುಲವನ್ನು ಹುಡುಕುತ್ತ ಹೋದರೆ ನಾವು ತಲಪುವುದು ದಕ್ಷಿಣ ಅಮೆರಿಕದ ಕಾಡಿಗೆ, ಅಲ್ಲಿಯ ಬೇಟೆಗಾರರ ಬಾಣದ ತುದಿಗೆ.

ಕುರಾರೆ ಎಂಬ ಆ ವಿಷವನ್ನು ಅಲ್ಲಿಯ ಜನ ಕೆಲವು ಬಳ್ಳಿಗಳ ತೊಗಟೆಯನ್ನು ಕುದಿಸಿ, ಬತ್ತಿಸಿ ಮಾಡುತ್ತಿದ್ದರು. ಆ ಬಳ್ಳಿಗಳು ನಮಗೆ ತೀರ ಪರಕೀಯವೇನೂ ಅಲ್ಲ. ಒಂದು ಜಾತಿಯ ಕುರಾರೆ ಹುಟ್ಟುವುದು ನಮ್ಮ ಅಮೃತಬಳ್ಳಿಯ ಕುಟುಂಬಕ್ಕೆ ಸೇರಿದ ಬಳ್ಳಿಯಿಂದ. ಇನ್ನೊಂದು ನಮ್ಮ ಕಾಸರಕದ ಮರಕ್ಕೆ ಹತ್ತಿರದ ದಾಯಾದಿಯಿಂದ. ಕಾಸರಗೋಡಿನ ಹೆಸರು ಈ ಮರದಿಂದಲೇ ಬಂದುದೆಂದು ಹೇಳುವವರುಂಟು. ಆಟಿ ಅಮಾವಾಸ್ಯೆಯಂದು ನಸುಕಿನಲ್ಲಿ ಪಾಲೆಯ ಕೆತ್ತೆ ತರಲು ಹೋಗುವವರಿಗೆ, ಕತ್ತಲಲ್ಲಿ ಮರ ತಪ್ಪಿ ಕಾಸರಕದ ಕೆತ್ತೆ ತಂದೀರಿ ಎಂದು ಹಿರಿಯರು ಎಚ್ಚರಿಸುವುದು ಸುಮ್ಮನೆ ಅಲ್ಲ. ವಿಚಿತ್ರವೆಂದರೆ ದಾಯಾದಿಗಳಿಬ್ಬರ ಗುಣ ಒಂದಕ್ಕೊಂದು ತಿರುಗುಮುರುಗು. ಕಾಸರಕದ ವಿಷ ಸ್ನಾಯುಗಳನ್ನು ಸೆಟೆಸಿ ಕೊಲ್ಲುತ್ತದೆ; ಕುರಾರೆ ಸಡಿಲಿಸಿ ಕೊಲ್ಲುತ್ತದೆ.

ಕೊಲ್ಲುವುದು ಹೇಗೆ ಎಂಬುದನ್ನು ತೋರಿಸಿಕೊಟ್ಟದ್ದು ಒಂದು ಹೆಣ್ಣು ಕತ್ತೆ. ಚಾರ್ಲ್ಸ್ ವಾಟರ್ಟನ್ ಎಂಬ ಆಂಗ್ಲ ಪ್ರವಾಸಿ 1812ರಲ್ಲಿ ಗಯಾನಾದ ಕಾಡುಗಳನ್ನು ಸುತ್ತಿ ಈ ವಿಷವನ್ನು ಊರಿಗೆ ತಂದಿದ್ದ. 1814ರಲ್ಲಿ ಲಂಡನ್ನಿನಲ್ಲಿ ಕತ್ತೆಯ ಭುಜಕ್ಕೆ ಅದನ್ನು ಏರಿಸಿದರು. ಹತ್ತು ಮಿನಿಟುಗಳಲ್ಲಿ ಅದು ಸತ್ತಂತೆ ಬಿದ್ದಿತು. ಕೂಡಲೆ ಅದರ ಗಂಟಲ ನಾಳದಲ್ಲಿ ಸೀಳು ಮಾಡಿ, ತಿದಿಯಿಂದ ಶ್ವಾಸಕೋಶಕ್ಕೆ ಗಾಳಿ ಒತ್ತತೊಡಗಿದರು. ಎರಡು ಗಂಟೆಯ ಬಳಿಕ ಕತ್ತೆ ತಲೆ ಎತ್ತಿ ಸುತ್ತ ನೋಡಿತು. ತಿದಿ ನಿಲ್ಲಿಸಿದರೆ ಮತ್ತೆ ಕುಸಿಯಿತು, ಮತ್ತೆ ಒತ್ತಿದರು. ಕೊನೆಗೆ ಅದು ಎದ್ದು ನಡೆಯಿತು. ವೂರಾಲಿಯಾ ಎಂಬ ಹೆಸರು ಪಡೆದು, ವಾಟರ್ಟನ್ನನ ಹುಲ್ಲುಗಾವಲಿನಲ್ಲಿ ಮೇಯುತ್ತ 1839ರ ವರೆಗೆ ಬದುಕಿತು. ಮುಂದೆ ನೂರೈವತ್ತು ವರ್ಷಗಳಲ್ಲಿ ವೈದ್ಯರು ಕಲಿತದ್ದರ ಮುಕ್ಕಾಲು ಪಾಲು ಈ ಕತ್ತೆಯ ಕಥೆಯೊಳಗೇ ಅಡಗಿದೆ ಎಂದರೆ ನನ್ನ ಮಟ್ಟಿಗೆ ಅದು ಅತಿಶಯೋಕ್ತಿಯಲ್ಲ. ವಿಷ ಗುಂಡಿಗೆಯನ್ನು ನಿಲ್ಲಿಸಲಿಲ್ಲ. ಉಸಿರಾಡುವ ಸ್ನಾಯುಗಳನ್ನು ನಿಲ್ಲಿಸಿತು. ಬೇರೊಬ್ಬರು ಉಸಿರನ್ನು ನಡೆಯಿಸಿಕೊಟ್ಟರೆ ವಿಷ ತಾನಾಗಿ ಇಳಿಯಿತು.

ಆಮೇಲೆ ಫ್ರಾನ್ಸಿನ ಕ್ಲೋಡ್ ಬೆರ್ನಾರ್ ಕಪ್ಪೆಗಳ ಮೇಲೆ ಪ್ರಯೋಗ ನಡೆಸಿ, ಈ ವಿಷದಿಂದ ನರವೂ ಕೆಡುವುದಿಲ್ಲ, ಸ್ನಾಯುವೂ ಕೆಡುವುದಿಲ್ಲ, ಅವೆರಡೂ ಕೂಡುವ ಸಂಧಿಯಲ್ಲಿ ತಡೆ ಬೀಳುತ್ತದೆ ಎಂದು ತೋರಿಸಿದ. ತಂತಿ ಕಚೇರಿಯಿಂದ ಸುದ್ದಿ ಹೊರಟಿದೆ, ಮನೆಯ ಯಜಮಾನನೂ ಒಳಗಿದ್ದಾನೆ. ಆದರೆ ಅಂಚೆಯವನನ್ನು ಯಾರೋ ಹೊಸ್ತಿಲಲ್ಲೇ ತಡೆದು ನಿಲ್ಲಿಸಿದ್ದಾರೆ. ನಮ್ಮ ಗದ್ದೆಯಂಚಿನ ನಾಗರಹಾವಿನ ವಿಷದಲ್ಲಿರುವ ಒಂದು ಅಂಶವೂ ಇದೇ ಹೊಸ್ತಿಲಲ್ಲಿ ಇದೇ ಕೆಲಸ ಮಾಡುತ್ತದೆ. ಹಾವು ಕಚ್ಚಿ ಉಸಿರು ಸೋತವನಿಗೆ ಪ್ರತಿವಿಷದ ಜತೆಗೆ ಕೃತಕ ಉಸಿರಾಟವನ್ನೂ ಕೊಟ್ಟು ಕಾಯುವುದು ಅದಕ್ಕಾಗಿಯೇ.

ಇಂಥ ಪದಾರ್ಥವನ್ನು ಬೇಕೆಂದೇ ರೋಗಿಯ ಮೈಗೆ ಹೊಗಿಸುವ ಧೈರ್ಯ ಮಾಡಿದ್ದು ಕೆನಡಾದ ಮಾಂಟ್ರಿಯಲ್ ನಗರದಲ್ಲಿ. 1942ರ ಜನವರಿ 23ರಂದು ಹೆರಾಲ್ಡ್ ಗ್ರಿಫಿತ್ ಮತ್ತು ಈನಿಡ್ ಜಾನ್ಸನ್ ಎಂಬ ವೈದ್ಯರು, ಕರುಳುಬಾಲ ತೆಗೆಯಿಸಿಕೊಳ್ಳುತ್ತಿದ್ದ ತರುಣನೊಬ್ಬನಿಗೆ ಶುದ್ಧೀಕರಿಸಿದ ಕುರಾರೆಯನ್ನು ಅಳತೆಯಾಗಿ ಕೊಟ್ಟರು. ಹೊಟ್ಟೆ ಹಿಟ್ಟಿನ ಮುದ್ದೆಯಂತೆ ಮೆತ್ತಗಾಯಿತು. ರೋಗಿಗೆ ಏನೂ ಅಪಾಯವಾಗಲಿಲ್ಲ. ನಾಲ್ಕು ವರ್ಷಗಳಲ್ಲಿ ಲಿವರ್‌ಪೂಲಿನ ವೈದ್ಯರು ಸಾವಿರಕ್ಕೂ ಮಿಕ್ಕಿದ ರೋಗಿಗಳ ಅನುಭವವನ್ನು ಪ್ರಕಟಿಸಿದರು. ಈಥರಿನ ಓಣಿ ಅಗಲವಾಯಿತೆಂದು ಎಲ್ಲರೂ ಹಿಗ್ಗಿದರು.

ಇಷ್ಟರಲ್ಲಿ ಒಂದು ಭ್ರಮೆ ಬೇರು ಬಿಟ್ಟಿತ್ತು. ಕುರಾರೆ ಕೊಟ್ಟರೆ ರೋಗಿ ಮಿಸುಕುವುದಿಲ್ಲ. ಮಿಸುಕದವನಿಗೆ ಎಚ್ಚರವೂ ಇಲ್ಲ, ನೋವೂ ಇಲ್ಲ ಎಂದು ಕೆಲವರು ನಂಬತೊಡಗಿದ್ದರು. ಅಮೆರಿಕದ ಸ್ಕಾಟ್ ಸ್ಮಿತ್ ಎಂಬ ವೈದ್ಯ ಈ ಮಾತನ್ನು ತನ್ನ ಮೈಯ ಮೇಲೆಯೇ ಪರೀಕ್ಷಿಸಿಕೊಂಡ. ಪೂರ್ತಿ ಸ್ನಾಯುಸ್ತಂಭನಕ್ಕೆ ಬೇಕಾದುದರ ಎರಡೂವರೆಪಟ್ಟು ಮದ್ದು ಚುಚ್ಚಿಸಿಕೊಂಡು, ಸಂಗಡಿಗರಿಂದ ಉಸಿರು ಕೊಡಿಸಿಕೊಂಡು ಮಲಗಿದ. ರೆಪ್ಪೆ ಅಲುಗಿಸಲೂ ಆಗದ ಸ್ಥಿತಿಯಲ್ಲಿ ಸುತ್ತಲ ಪ್ರತಿಯೊಂದು ಮಾತೂ ಕೇಳಿಸುತ್ತಿತ್ತು, ಪ್ರತಿಯೊಂದು ಚುಚ್ಚೂ ನೋಯುತ್ತಿತ್ತು. ಆ ವರದಿ 1947ರಲ್ಲಿ ಅಚ್ಚಾಯಿತು. ಸಡಿಲಿಸುವ ಮದ್ದು ನಿದ್ದೆಯ ಮದ್ದಲ್ಲ, ನೋವಿನ ಮದ್ದೂ ಅಲ್ಲ ಎಂಬುದಕ್ಕೆ ಬಳಿಕ ಯಾರೂ ಎದುರಾಡುವಂತಿರಲಿಲ್ಲ.

1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. ಹಾಸಿಗೆಯ ಬಳಿಯ ಪಾಠಕ್ಕೆ ಅಲ್ಲಿಯ ವಿದ್ಯಾರ್ಥಿಗಳು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಹೋಗಬೇಕಾಗಿತ್ತು. ಅವರ ಮೊದಲ ತಂಡ ಇನ್ನೂ ಅಂಗರಚನೆ ಓದುತ್ತಿದ್ದಾಗಲೇ, 1954ರಲ್ಲಿ, ಅಮೆರಿಕದಿಂದ ಒಂದು ಕಹಿ ಸುದ್ದಿ ಬಂದಿತು. ಬೀಚರ್ ಮತ್ತು ಟಾಡ್ ಎಂಬಿಬ್ಬರು ಹತ್ತು ಆಸ್ಪತ್ರೆಗಳಲ್ಲಿ ಐದು ವರ್ಷ ಕೊಟ್ಟ 5,99,548 ಅರಿವಳಿಕೆಗಳ ಲೆಕ್ಕ ತೆಗೆದಿದ್ದರು. ಸಡಿಲಿಸುವ ಮದ್ದು ಕೊಡದೆ ಇದ್ದಲ್ಲಿ ಅರಿವಳಿಕೆಯಿಂದಾದ ಸಾವು ಸುಮಾರು 2,100ರಲ್ಲಿ ಒಂದು. ಕೊಟ್ಟಲ್ಲಿ 370ರಲ್ಲಿ ಒಂದು. ಮದ್ದಿನಲ್ಲೇ ಏನೋ ಒಳವಿಷ ಇರಬೇಕೆಂದು ಅವರು ಶಂಕಿಸಿದರು. ಲಿವರ್‌ಪೂಲಿನ ಕಡೆಯವರು ಒಪ್ಪಲಿಲ್ಲ: ಉಸಿರನ್ನು ವೈದ್ಯನೇ ಪೂರ್ತಿ ವಹಿಸಿಕೊಳ್ಳಬೇಕು, ಕೊನೆಗೆ ನಿಯೋಸ್ಟಿಗ್ಮಿನ್ ಕೊಟ್ಟು ತಡೆಯನ್ನು ತೆಗೆಯಬೇಕು, ಇವೆರಡನ್ನೂ ಮಾಡದಿದ್ದರೆ ತಪ್ಪು ಮದ್ದಿನದಲ್ಲ ಎಂಬುದು ಅವರ ವಾದ. ಕಾಲಕ್ರಮದಲ್ಲಿ ಅವರ ಮಾತೇ ನಿಂತಿತು. ಅರೆಬರೆ ಸಡಿಲಿಕೆ ಉಳಿದಿರುವಾಗಲೇ ರೋಗಿಯನ್ನು ವಾರ್ಡಿಗೆ ಕಳುಹಿಸುವುದು ಎಷ್ಟು ಅಪಾಯವೆಂಬುದೂ ತಿಳಿದುಬಂದಿತು.

1951ರ ಸುಮಾರಿಗೆ ಬಳಕೆಗೆ ಬಂದ ಇನ್ನೊಂದು ಮದ್ದು ಸಕ್ಸಿನೈಲ್‌ಕೋಲಿನ್. ನಮ್ಮ ಆಸ್ಪತ್ರೆಗಳ ಮಾತಿನಲ್ಲಿ ಸ್ಕೋಲಿನ್. ಇದರ ಕಥೆ ತಮಾಷೆಯದು. 1906ರಲ್ಲಿಯೇ ಇದನ್ನು ಪ್ರಾಣಿಗಳ ಮೇಲೆ ಪ್ರಯೋಗಿಸಿದ್ದರು. ಆದರೆ ಆ ಪ್ರಾಣಿಗಳಿಗೆ ಮೊದಲೇ ಕುರಾರೆ ಕೊಟ್ಟಿದ್ದರಿಂದ, ಇದರ ಸಡಿಲಿಸುವ ಗುಣ ಯಾರ ಕಣ್ಣಿಗೂ ಬೀಳದೆ ನಲವತ್ತು ವರ್ಷ ಮಲಗಿತ್ತು! ಒಂದು ನಿಮಿಷದೊಳಗೆ ಹಿಡಿಯುತ್ತದೆ, ಕೆಲವೇ ನಿಮಿಷಗಳಲ್ಲಿ ಬಿಡುತ್ತದೆ. ಗಂಟಲಿಗೆ ನಳಿಗೆ ಇಳಿಸುವ ಅವಸರದ ಹೊತ್ತಿಗೆ ಇದಕ್ಕಿಂತ ಅನುಕೂಲವಾದುದು ಬಹುಕಾಲ ಇರಲಿಲ್ಲ. ಆದರೆ ಇದು ತಂಪಿನಲ್ಲಿಯೇ ಇರಬೇಕಾದ ಪದಾರ್ಥ. ನಮ್ಮ ಕರಾವಳಿಯ ಸೆಕೆಯಲ್ಲಿ, ವಿದ್ಯುತ್ತು ಹೋಗಿ ಬರುವ ಊರಿನ ಸಣ್ಣ ಆಸ್ಪತ್ರೆಯಲ್ಲಿ, ಶೀತಪೆಟ್ಟಿಗೆ ಕೆಟ್ಟರೆ ಮದ್ದಿನ ಕಸುವೂ ಕುಂದುತ್ತದೆ.

ಇದು ಬೇಗ ಇಳಿಯುವುದು ರಕ್ತದಲ್ಲಿರುವ ಒಂದು ಕಿಣ್ವ ಇದನ್ನು ಒಡೆದುಹಾಕುವುದರಿಂದ. ಆ ಕಿಣ್ವ ಹುಟ್ಟಿನಿಂದಲೇ ಕೆಲಸಕ್ಕೆ ಬಾರದಂತಿದ್ದರೆ? ಐದು ನಿಮಿಷದ ಸ್ತಂಭನ ಗಂಟೆಗಟ್ಟಲೆ ಎಳೆಯುತ್ತದೆ. ಯುರೋಪಿನಲ್ಲಿ ತೀರ ಅಪೂರ್ವವಾದ ಈ ಕೊರತೆ ದಕ್ಷಿಣ ಭಾರತದ ಆರ್ಯವೈಶ್ಯ ಸಮುದಾಯದಲ್ಲಿ ಎಷ್ಟೋ ಪಟ್ಟು ಹೆಚ್ಚಾಗಿ ಕಾಣುವುದನ್ನು ಅರಿವಳಿಕೆಯ ವೈದ್ಯರು ಗಮನಿಸಿದ್ದರು. ಕೊಯಮತ್ತೂರಿನ ಕುಟುಂಬಗಳನ್ನು ಪರೀಕ್ಷಿಸಿ, ಕಿಣ್ವದ 307ನೆಯ ಸ್ಥಾನದಲ್ಲಿ ಒಂದು ಅಮೈನೋ ಆಮ್ಲ ಬದಲಾಗಿರುವುದೇ ಕಾರಣವೆಂದು 2006ರಲ್ಲಿ ಪ್ರಕಟಿಸಿದರು. ತಂದೆ ತಾಯಿ ಇಬ್ಬರಿಂದಲೂ ಈ ದೋಷ ಬಂದಾಗ ಕೊರತೆ ಪೂರ್ತಿಯಾಗುತ್ತದೆ. ಬೆಂಗಳೂರು, ಬಳ್ಳಾರಿಗಳ ಕಡೆ ಈ ಸಮುದಾಯದವರಿಗೂ ಶೆಟ್ಟರೆನ್ನುವ ರೂಢಿಯುಂಟು. ಆದರೆ ನಮ್ಮ ಉಡುಪಿ, ಕಾಪು, ಕಾರ್ಕಳಗಳ ಬಂಟ ಶೆಟ್ಟರು ಬೇರೆ. ಹೆಸರು ನೋಡಿ ಹೆದರುವುದೂ ಬೇಡ, ಹೆಸರು ಬೇರೆಯೆಂದು ಮೈಮರೆಯುವುದೂ ಬೇಡ. ಯಾವ ಮನೆಯಲ್ಲಾದರೂ ಇದು ಬರಬಹುದು. ಗದ್ದೆ ತೋಟಗಳಿಗೆ ಹೊಡೆಯುವ ಕೆಲವು ಕೀಟನಾಶಕಗಳು ಮೈಗೆ ಸೇರಿದರೂ ಇದೇ ಕಿಣ್ವ ಸೋಲುತ್ತದೆ. ಅಂಥವರಿಗೆ ಸ್ಕೋಲಿನ್ ಕೊಟ್ಟರೆ ಅದೂ ಹೊತ್ತಿಗೆ ಸರಿಯಾಗಿ ಇಳಿಯುವುದಿಲ್ಲ.

ಹೀಗಾದಾಗ ವೈದ್ಯರು ಮಾಡುವುದು ವಾಟರ್ಟನ್ನನ ತಿದಿಯವರು ಮಾಡಿದ್ದನ್ನೇ. ಉಸಿರಾಟದ ಯಂತ್ರವನ್ನು ಬಿಡಿಸದೆ, ನಿದ್ದೆಯ ಮದ್ದನ್ನು ನಿಲ್ಲಿಸದೆ ಕಾಯುತ್ತಾರೆ. ಗೋಡೆಯಾಚೆ ಕುಳಿತ ಮನೆಯವರಿಗೆ ಆ ಗಂಟೆಗಳು ಯುಗಗಳಾಗಿ ತೋರಬಹುದು. ಆದರೆ ಉಸಿರು ತಪ್ಪದೆ ನಡೆದರೆ ಮದ್ದು ಇಳಿದ ಮೇಲೆ ರೋಗಿ ಮೊದಲಿನಂತೆಯೇ ಏಳುತ್ತಾನೆ.

ಇಂದು ಸಲಕರಣೆಗಳು ಬೇಕಾದಷ್ಟಿವೆ. ಬೆರಳಿಗೆ ಸಿಕ್ಕಿಸುವ ಕೊಕ್ಕೆ ರಕ್ತದ ಆಮ್ಲಜನಕವನ್ನು ಹೇಳುತ್ತದೆ. ನಿಶ್ವಾಸದ ಇಂಗಾಲಾಮ್ಲವನ್ನು ಅಳೆಯುವ ಯಂತ್ರವುಂಟು. ಮಣಿಕಟ್ಟಿನ ನರಕ್ಕೆ ಸಣ್ಣ ವಿದ್ಯುತ್ತು ಕೊಟ್ಟು ಹೆಬ್ಬೆರಳು ಎಷ್ಟು ಸಲ ಮಿಡಿಯಿತೆಂದು ಎಣಿಸುವ ಕ್ರಮ 1970ರಿಂದ ಇದೆ. 2008ರಲ್ಲಿ ಯುರೋಪಿನಲ್ಲಿ ಸುಗಮಾಡೆಕ್ಸ್ ಎಂಬ ಹೊಸ ಮದ್ದಿಗೆ ಒಪ್ಪಿಗೆ ದೊರೆಯಿತು. ಅದು ಕೆಲವು ಸಡಿಲಿಕೆಯ ಮದ್ದುಗಳನ್ನು ಬುಟ್ಟಿಯಲ್ಲಿ ಹಾಕಿಟ್ಟಂತೆ ಹಿಡಿದಿಡುತ್ತದೆ. ಸ್ಕೋಲಿನ್ನಿನ ಮೇಲೆ ಅದರ ಆಟ ನಡೆಯದು.

ಅದಕ್ಕೇ ಚಿಕಿತ್ಸೆಯ ಮುನ್ನಾದಿನ ಅರಿವಳಿಕೆಯ ವೈದ್ಯರು ಹಾಸಿಗೆಯ ಬಳಿ ಬಂದು, ನಿಮ್ಮ ಮನೆಯಲ್ಲಿ ಯಾರಾದರೂ ಆಪರೇಶನ್ ಆದ ಮೇಲೆ ತಡವಾಗಿ ಎಚ್ಚೆತ್ತದ್ದುಂಟೇ, ಮೆಶಿನಿನಲ್ಲಿ ಇಟ್ಟದ್ದುಂಟೇ ಎಂದು ಕೇಳುತ್ತಾರೆ. ಅಜ್ಜಿಗೆ, ಚಿಕ್ಕಪ್ಪನಿಗೆ ಎಂದೋ ಆದದ್ದು ಈಗೇಕೆ ಎಂದು ನಮ್ಮಲ್ಲಿ ಹಲವರು ಇಲ್ಲ ಎಂದುಬಿಡುತ್ತಾರೆ. ಉಂಟಾದರೆ ಉಂಟು ಎನ್ನಬೇಕು. ಒಮ್ಮೆ ಹಾಗೆ ಆದವರಿಗೆ ಮದ್ದಿನ ಹೆಸರು ಬರೆದ ಚೀಟಿಯನ್ನು ಕೊಡುವುದುಂಟು. ಅದನ್ನು ರೇಶನ್ ಕಾರ್ಡಿನ ಜತೆಗಾದರೂ ಜೋಪಾನವಾಗಿ ಇಟ್ಟುಕೊಂಡು, ಒಡಹುಟ್ಟಿದವರ ಹಾಗೂ ಮಕ್ಕಳ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು.