ಕತ್ತಿ ಅದ್ದಿ ನೋಡಿದ್ಯಾ?

ಕಳಸದ ನಮ್ಮನೆ ಅಂಗಳದಲ್ಲಿ ಮಳೆ ಹಿಡಿಯೋ ಮುಂಚೆ ಅಡಿಕೆಗೆ ಬೋರ್ಡೋ ತಯಾರಾಗುತ್ತಿತ್ತು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಬೆರೆಸಿದ ಮೇಲೆ ಅಪ್ಪಯ್ಯ ಚೆನ್ನಾಗಿ ಉಜ್ಜಿದ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆಯುತ್ತಿದ್ದರು. ಅಲಗಿಗೆ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ. ಹಿಡಿಯದಿದ್ದರೆ ಕೊನೆಗಾರ ಮರ ಹತ್ತಬಹುದು.

ಬಿ.ಇ. ಎರಡನೇ ವರ್ಷದ ರಜೆಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ಸುಣ್ಣ ಸ್ವಲ್ಪ ಕಮ್ಮಿ ಬಿತ್ತು. ಪರವಾಗಿಲ್ಲ ಅಂತ ಹೊಡೆಸಿಬಿಟ್ಟೆ. ಕೆಲವೇ ದಿನದಲ್ಲಿ ಎಳೆಕಾಯಿಗಳು ಸುಟ್ಟ ಹಾಗೆ ಕಪ್ಪಾದವು. ಅಪ್ಪಯ್ಯ ಬೈಯಲಿಲ್ಲ. "ಕತ್ತಿ ಅದ್ದಿ ನೋಡಿದ್ಯಾ ಮಾರಾಯ?" ಅಂದರು, ಅಷ್ಟೇ.

ಈ ಔಷಧಿ ನಮ್ಮೂರಿನದಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯ ರೈತರು, ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ-ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿಲ್ಲ ಅನ್ನೋದು 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿಯ ಕಣ್ಣಿಗೆ ಬಿತ್ತು. 1885ರಲ್ಲಿ ಆತ ಅದನ್ನು ಪ್ರಕಟಿಸಿದ. ಆಗಿನ್ನೂ ಎಲೆಕ್ಟ್ರಾನ್ ಅನ್ನೋ ಹೆಸರೇ ಇರಲಿಲ್ಲ.

ಇತ್ತ ಮಲೆನಾಡಿನಲ್ಲಿ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಡೆಯುವುದೇ ಕೊಳೆರೋಗಕ್ಕೆ ಮದ್ದು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಆ ರೋಗದ ಬೆನ್ನು ಹತ್ತಿದರು. ಬೋರ್ಡೋ ಸಿಂಪಡಣೆ ನಮ್ಮ ತೋಟಗಳಿಗೆ ಬಂದದ್ದು ಅವರಿಂದ. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಕಾಫಿ ಗಿಡಗಳಿಗೂ ಇದೇ ನೀಲಿ ನೀರು ಬಿತ್ತು.

ಕತ್ತಿಯ ಮೇಲಿನ ಆ ಕೆಂಪು ಏನು? ತಾಮ್ರ. ಸುಣ್ಣ ಸಾಕಷ್ಟಿದ್ದರೆ ತಾಮ್ರವನ್ನು ಕಟ್ಟಿಹಾಕುತ್ತದೆ. ಸಾಲದಿದ್ದರೆ ಬಿಡಿಯಾಗಿ ಉಳಿದ ತಾಮ್ರದ ಅಯಾನುಗಳು ಕಬ್ಬಿಣದಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಅಲಗಿಗೆ ಅಂಟುತ್ತವೆ. ಎಳೆಕಾಯಿ ಸುಡುವುದೂ ಆ ಬಿಡಿ ತಾಮ್ರವೇ.

ಪಿಯುಸಿಯಲ್ಲಿ ಎಲೆಕ್ಟ್ರಾನ್ ಅಫಿನಿಟಿ ಅಂತ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಒಂಟಿ ಪರಮಾಣು ಒಂದು ಎಲೆಕ್ಟ್ರಾನನ್ನು ಸೇರಿಸಿಕೊಂಡಾಗ ಬಿಡುವ ಶಕ್ತಿ. ಆವರ್ತ ಕೋಷ್ಟಕದ ನಾಲ್ಕನೇ ಸಾಲು ನೋಡಿ: ಕಬ್ಬಿಣಕ್ಕೆ ಮೋಲ್‌ಗೆ ಸುಮಾರು 15 ಕಿಲೋಜೌಲ್, ತಾಮ್ರಕ್ಕೆ 119, ಬ್ರೋಮಿನ್‌ಗೆ 325. ಎಡದಿಂದ ಬಲಕ್ಕೆ ಆಸೆ ಹೆಚ್ಚುತ್ತದೆ. ಆದರೆ ತಾಮ್ರದ ಪಕ್ಕದ ಸತುವಿಗೆ ಎಲೆಕ್ಟ್ರಾನೇ ಬೇಡ, ಅದರ ಕೋಣೆಗಳು ಆಗಲೇ ತುಂಬಿವೆ. ಡ್ರಮ್ಮಿನೊಳಗಿನ ಲೆಕ್ಕ ಇಷ್ಟು ಸರಳವಲ್ಲ. ಅಲ್ಲಿ ನೀರಿದೆ, ಲೋಹದ ಬಂಧಗಳಿವೆ, ಅದಕ್ಕೆ ಬೇರೆಯೇ ಪಟ್ಟಿ ಬೇಕು. ಆ ಪಟ್ಟಿಯಲ್ಲೂ ಕಬ್ಬಿಣ ಕೊಡುವ ಕಡೆ, ತಾಮ್ರ ಕಸಿಯುವ ಕಡೆ.

ಪರೀಕ್ಷೆಯಲ್ಲಿ ಇದನ್ನೆಲ್ಲ ಬರೆದು ಮಾರ್ಕ್ಸ್ ತಗೊಂಡವನು ನಾನು. ಅಂಗಳದಲ್ಲಿ ಕತ್ತಿ ಪಕ್ಕದಲ್ಲೇ ಬಿದ್ದಿದ್ದರೂ ಕೈಗೆ ತಗೊಳ್ಳಲಿಲ್ಲ. ಅಪ್ಪಯ್ಯನಿಗೆ ಆ ಪಟ್ಟಿ ಗೊತ್ತಿರಲಿಲ್ಲ, ತೋಟ ಗೊತ್ತಿತ್ತು. ಈಗಲೂ ಆಫೀಸಿನಲ್ಲಿ ಕೋಡ್ ಬಿಡುಗಡೆ ಮಾಡುವ ಮುನ್ನ ಟೆಸ್ಟ್ ಬಿಟ್ಟುಬಿಡೋಣ ಅನ್ನಿಸಿದಾಗ, ಕಿವಿಯಲ್ಲಿ ಕೇಳೋದು ಅವರ ಅದೇ ಪ್ರಶ್ನೆ.