ಭಾರತದ ಸೇನಾ ಪೂರ್ವಸಿದ್ಧತಾ ಶಾಲೆಗಳು

ಸೇನಾ ಅಕಾಡೆಮಿಗಳ ಪ್ರವೇಶಕ್ಕೆ ವಿದ್ಯಾರ್ಥಿಗಳನ್ನು ಚಿಕ್ಕ ವಯಸ್ಸಿನಲ್ಲೇ ಅಣಿಗೊಳಿಸುವ ವಸತಿ ಶಾಲೆಗಳು. ಡೆಹ್ರಾಡೂನಿನ ರಾಷ್ಟ್ರೀಯ ಇಂಡಿಯನ್ ಮಿಲಿಟರಿ ಕಾಲೇಜು, ರಾಷ್ಟ್ರೀಯ ಮಿಲಿಟರಿ ಶಾಲೆಗಳು ಮತ್ತು ಸೈನಿಕ ಶಾಲೆಗಳು ಇವುಗಳಲ್ಲಿ ಮುಖ್ಯವಾದವು. ಮುಂದಿನ ಹಂತದ ಪ್ರವೇಶ ಪರೀಕ್ಷೆ ಬದಲಾದಂತೆ ಇವುಗಳ ವಿದ್ಯಾಭ್ಯಾಸ ಕ್ರಮವೂ ಬದಲಾಗುತ್ತ ಬಂದಿದೆ. ಆ ಪರೀಕ್ಷೆ ಮೊದಲು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನದಾಗಿತ್ತು, 1932ರ ಬಳಿಕ ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯದಾಯಿತು, ಈಗ ಪುಣೆ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯದು (ಎನ್‌ಡಿಎ).

ಆರಂಭ

ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಬ್ರಿಟಿಷ್ ಸರ್ಕಾರ ಸ್ಯಾಂಡ್‌ಹರ್ಸ್ಟ್‌ನಲ್ಲಿ ವರ್ಷಕ್ಕೆ 10 ಸ್ಥಾನಗಳನ್ನು ಭಾರತೀಯರಿಗೆ ಮೀಸಲಿಟ್ಟಿತು. ಇಲ್ಲಿನ ಶಾಲೆಗಳಲ್ಲಿ ಓದಿ ನೇರವಾಗಿ ಹೋದ ಯುವಕರಿಗೆ ಇಂಗ್ಲಿಷ್ ಭಾಷೆಯೂ ಅಲ್ಲಿನ ವಸತಿ ಜೀವನವೂ ತೊಡಕಾದವು. ಹಲವರು ತರಬೇತಿ ಮುಗಿಸಲಾಗದೆ ಹಿಂದಿರುಗಿದರು. ಈ ಕೊರತೆ ನೀಗಿಸಲು 1922ರ ಮಾರ್ಚ್ 13ರಂದು ಡೆಹ್ರಾಡೂನಿನಲ್ಲಿ ಪ್ರಿನ್ಸ್ ಆಫ್ ವೇಲ್ಸ್ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜು (ಇಂದಿನ ರಾಷ್ಟ್ರೀಯ ಇಂಡಿಯನ್ ಮಿಲಿಟರಿ ಕಾಲೇಜು) ಆರಂಭವಾಯಿತು. ಹೆಸರಿನಲ್ಲಿ ಕಾಲೇಜು ಎಂದಿದ್ದರೂ ಅದು ಇಂಗ್ಲೆಂಡಿನ ಪಬ್ಲಿಕ್ ಸ್ಕೂಲುಗಳ ಮಾದರಿಯ ಶಾಲೆ. ಇಂಗ್ಲಿಷ್ ಮಾತು ಮತ್ತು ಬರವಣಿಗೆ, ಗಣಿತ, ಇತಿಹಾಸ, ಭೂಗೋಳಗಳ ಜೊತೆಗೆ ಆಟೋಟ ಮತ್ತು ಸಾಮೂಹಿಕ ಜೀವನದ ಶಿಸ್ತನ್ನೂ ಅಲ್ಲಿ ಕಲಿಸಲಾಗುತ್ತಿತ್ತು.

ಸೇನಾಧಿಕಾರಿ ಹುದ್ದೆಗಳ ಭಾರತೀಕರಣವನ್ನು ಪರಿಶೀಲಿಸಲು 1925ರಲ್ಲಿ ನೇಮಕವಾದ ಸ್ಕೀನ್ ಸಮಿತಿ ಈ ಶಾಲೆಯ ಕೆಲಸವನ್ನು ಮೆಚ್ಚಿ, ಅದನ್ನು ವಿಸ್ತರಿಸಲು ಸಲಹೆ ಮಾಡಿತು. ಕೊಡಗಿನ ಕೆ.ಎಸ್. ತಿಮ್ಮಯ್ಯ ಇಲ್ಲಿ ಓದಿ ಸ್ಯಾಂಡ್‌ಹರ್ಸ್ಟ್‌ಗೆ ಹೋದರು, 1926ರಲ್ಲಿ ಅಧಿಕಾರಿಯಾಗಿ ನೇಮಕಗೊಂಡರು, 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮಾ ಕೂಡ ಇಲ್ಲಿನ ಹಳೆಯ ವಿದ್ಯಾರ್ಥಿ. ದೇಶವಿಭಜನೆಯ ನಂತರ ಪಾಕಿಸ್ತಾನದ ವಾಯುಪಡೆಯನ್ನು ಮುನ್ನಡೆಸಿದ ಅಸ್ಗರ್ ಖಾನ್ ಮತ್ತು ನೂರ್ ಖಾನ್ ಸಹ ಇದೇ ಶಾಲೆಯವರು.

ಸೈನಿಕರ ಮಕ್ಕಳ ಶಾಲೆಗಳು

ಡೆಹ್ರಾಡೂನಿನ ಶಾಲೆಗೆ ಬಹುಮಟ್ಟಿಗೆ ಅನುಕೂಲಸ್ಥ ಮನೆತನಗಳ ಹುಡುಗರು ಬರುತ್ತಿದ್ದರು. ಸಾಮಾನ್ಯ ಸೈನಿಕರ ಮಕ್ಕಳಿಗಾಗಿ ಕಿಂಗ್ ಜಾರ್ಜ್ ಹೆಸರಿನ ಶಾಲೆಗಳು ಬೇರೆಯಾಗಿ ಹುಟ್ಟಿದವು. ಜಲಂಧರ್ ಮತ್ತು ಅಜ್ಮೀರದ ಶಾಲೆಗಳ ನಂತರ ಬೆಳಗಾವಿಯಲ್ಲಿ 1945ರಲ್ಲಿ, ಬೆಂಗಳೂರಿನಲ್ಲಿ 1946ರಲ್ಲಿ ಇಂಥ ಶಾಲೆಗಳು ಪ್ರಾರಂಭವಾದವು. ಮೊದಮೊದಲು ಇಲ್ಲಿನ ಓದು ಸೇನೆಯದೇ ಆದ ಶಿಕ್ಷಣ ಪ್ರಮಾಣಪತ್ರ ಪರೀಕ್ಷೆಗಳಿಗೆ ಸೀಮಿತವಾಗಿತ್ತು. 1952ರಲ್ಲಿ ಇವನ್ನು ಪಬ್ಲಿಕ್ ಸ್ಕೂಲ್ ಮಾದರಿಗೆ ಬದಲಿಸಿ, ಅಧಿಕಾರಿಗಳ ಹಾಗೂ ನಾಗರಿಕರ ಮಕ್ಕಳಿಗೂ ಪ್ರವೇಶ ನೀಡಲಾಯಿತು. ಇವು ಈಗ ರಾಷ್ಟ್ರೀಯ ಮಿಲಿಟರಿ ಶಾಲೆಗಳೆಂದು ಕರೆಸಿಕೊಳ್ಳುತ್ತವೆ.

ಸೈನಿಕ ಶಾಲೆಗಳು

ಸ್ವಾತಂತ್ರ್ಯಾನಂತರವೂ ಅಧಿಕಾರಿ ವರ್ಗದಲ್ಲಿ ಕೆಲವು ಪ್ರದೇಶಗಳ ಮತ್ತು ಕೆಲವು ವರ್ಗಗಳ ಪ್ರಾಬಲ್ಯವೇ ಉಳಿಯಿತು. ಈ ಅಸಮತೋಲನವನ್ನು ಸರಿಪಡಿಸಲು ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರ ಕಾಲದಲ್ಲಿ, 1961ರಲ್ಲಿ, ಸೈನಿಕ ಶಾಲೆಗಳ ಯೋಜನೆ ಜಾರಿಗೆ ಬಂತು. ಮಹಾರಾಷ್ಟ್ರದ ಸಾತಾರಾ ಮೊದಲ ಶಾಲೆ. ಕರ್ನಾಟಕದಲ್ಲಿ ವಿಜಯಪುರದ ಶಾಲೆ 1963ರಲ್ಲಿ, ಕೊಡಗಿನ ಕೂಡಿಗೆಯ ಶಾಲೆ 2007ರಲ್ಲಿ ಆರಂಭವಾದವು. ಜಾಗ, ಕಟ್ಟಡ ಮತ್ತು ವಿದ್ಯಾರ್ಥಿವೇತನದ ಹೊಣೆ ರಾಜ್ಯ ಸರ್ಕಾರದ್ದು. ಪ್ರಾಂಶುಪಾಲರನ್ನು ಸೇವೆಯಲ್ಲಿರುವ ಸೇನಾಧಿಕಾರಿಗಳ ನಡುವಿನಿಂದ ರಕ್ಷಣಾ ಸಚಿವಾಲಯ ನೇಮಿಸುತ್ತದೆ. ಶೇ. 67ರಷ್ಟು ಸೀಟುಗಳು ಶಾಲೆಯಿರುವ ರಾಜ್ಯದ ಮಕ್ಕಳಿಗೆ ಮೀಸಲು.

ಪ್ರವೇಶ

ಸೈನಿಕ ಶಾಲೆಗಳಲ್ಲಿ 6 ಮತ್ತು 9ನೇ ತರಗತಿಗಳಿಗೆ ಅಖಿಲ ಭಾರತ ಪರೀಕ್ಷೆಯ ಮೂಲಕ ಪ್ರವೇಶ ದೊರೆಯುತ್ತದೆ. 6ನೇ ತರಗತಿಯ ಪರೀಕ್ಷೆಗೆ ಒಟ್ಟು 300 ಅಂಕ. ಅದರಲ್ಲಿ ಗಣಿತಕ್ಕೇ 150, ಉಳಿದದ್ದು ಭಾಷೆ, ಬುದ್ಧಿಶಕ್ತಿ ಮತ್ತು ಸಾಮಾನ್ಯ ಜ್ಞಾನಕ್ಕೆ. ಇದನ್ನು ಕನ್ನಡದಲ್ಲೂ ಬರೆಯಬಹುದಾದ್ದರಿಂದ ಕನ್ನಡ ಮಾಧ್ಯಮದ ಹಳ್ಳಿ ಶಾಲೆಗಳ ಮಕ್ಕಳಿಗೂ ಅವಕಾಶವಿದೆ. 9ನೇ ತರಗತಿಯ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ. ಡೆಹ್ರಾಡೂನಿನ ಶಾಲೆ ಹನ್ನೊಂದೂವರೆಯಿಂದ 13 ವರ್ಷದೊಳಗಿನವರನ್ನು 8ನೇ ತರಗತಿಗೆ ಸೇರಿಸಿಕೊಳ್ಳುತ್ತದೆ. ಪ್ರವೇಶ ವರ್ಷಕ್ಕೆ ಎರಡು ಬಾರಿ. ಇಂಗ್ಲಿಷ್, ಗಣಿತ, ಸಾಮಾನ್ಯ ಜ್ಞಾನದ ಲಿಖಿತ ಪರೀಕ್ಷೆಗಳ ನಂತರ ಮೌಖಿಕ ಸಂದರ್ಶನವಿರುತ್ತದೆ.

ಓದಿನ ಕ್ರಮ

ಬೋಧನೆ ಇಂಗ್ಲಿಷ್ ಮಾಧ್ಯಮದಲ್ಲಿ, ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯ ಪಠ್ಯದಂತೆ ನಡೆಯುತ್ತದೆ. ಮಾತೃಭಾಷೆಯಲ್ಲಿ ಪರೀಕ್ಷೆ ಬರೆದು ಬಂದವರಿಗೆ ಮೊದಲ ವರ್ಷಗಳ ದೊಡ್ಡ ಶ್ರಮವೆಂದರೆ ಇಂಗ್ಲಿಷಿಗೆ ಒಗ್ಗಿಕೊಳ್ಳುವುದೇ. ಮುಂಜಾನೆ ಪಿ.ಟಿ. ಅಥವಾ ಡ್ರಿಲ್, ಬಳಿಕ ತರಗತಿಗಳು, ಮಧ್ಯಾಹ್ನದ ನಂತರ ಆಟ, ಸಂಜೆ ‘ಪ್ರೆಪ್’ ಎಂಬ ಕಡ್ಡಾಯ ಓದಿನ ಅವಧಿ, ಇದು ದಿನಚರಿಯ ಸ್ಥೂಲ ರೂಪ. ಪ್ರೆಪ್‌ನಲ್ಲಿ ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಅಂದಿನ ಪಾಠ ಮತ್ತು ಮನೆಗೆಲಸ ಮುಗಿಸಬೇಕು. ಕೆಡೆಟ್‌ಗಳನ್ನು ಹೌಸ್‌ಗಳಾಗಿ ವಿಂಗಡಿಸಲಾಗುತ್ತದೆ. ಹೌಸ್ ಮಾಸ್ಟರ್ ಅವರ ನಡತೆಯ ಜೊತೆಗೆ ಓದಿನ ಪ್ರಗತಿಯನ್ನೂ ಗಮನಿಸುತ್ತಾರೆ. ಭಾಷಣ, ಚರ್ಚೆ, ರಸಪ್ರಶ್ನೆಗಳಲ್ಲಿ ಹೌಸ್‌ಗಳು ಪರಸ್ಪರ ಸ್ಪರ್ಧಿಸುತ್ತವೆ.

11 ಮತ್ತು 12ನೇ ತರಗತಿಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಿಗೆ ಪ್ರಾಧಾನ್ಯ. ನೌಕಾಪಡೆ ಮತ್ತು ವಾಯುಪಡೆಯ ಆಯ್ಕೆಗೆ ಈ ವಿಷಯಗಳು ಬೇಕೇ ಬೇಕು. ಮಂಡಳಿ ಪರೀಕ್ಷೆಯ ಜೊತೆಯಲ್ಲೇ ಕೇಂದ್ರ ಲೋಕಸೇವಾ ಆಯೋಗ ನಡೆಸುವ ಎನ್‌ಡಿಎ ಪರೀಕ್ಷೆಗೂ ಓದಬೇಕಾಗುತ್ತದೆ. ಅದರಲ್ಲಿ ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600 ಅಂಕ. ಮಂಡಳಿ ಪರೀಕ್ಷೆ ವಿವರವಾದ ಉತ್ತರಗಳನ್ನೂ ಕೇಳುತ್ತದೆ. ಎನ್‌ಡಿಎ ಪರೀಕ್ಷೆಯದು ಪೂರ್ತಿ ಬಹು ಆಯ್ಕೆಯ ಪ್ರಶ್ನೆಗಳು, ತಪ್ಪು ಉತ್ತರಕ್ಕೆ ಅಂಕ ಕಡಿತವೂ ಉಂಟು. ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಸರ್ವಿಸಸ್ ಸೆಲೆಕ್ಷನ್ ಬೋರ್ಡಿನಲ್ಲಿ ಮತ್ತೆ 900 ಅಂಕಗಳ ಪರೀಕ್ಷೆಯಿದೆ. ಅಲ್ಲಿ ಮನೋವೈಜ್ಞಾನಿಕ ಪರೀಕ್ಷೆ, ಗುಂಪು ಚಟುವಟಿಕೆ ಮತ್ತು ಸಂದರ್ಶನದ ಮೂಲಕ ನಾಯಕತ್ವವನ್ನು ಅಳೆಯುತ್ತಾರೆ. ಶಾಲೆಗಳು ಭಾಷಣ ಮತ್ತು ತಂಡದ ಚಟುವಟಿಕೆಗಳಿಗೂ ಒತ್ತು ಕೊಡಲು ಇದೂ ಒಂದು ಕಾರಣ. ಆಯ್ಕೆಯಾಗದವರು ಅಥವಾ ವೈದ್ಯಕೀಯ ಪರೀಕ್ಷೆಯಲ್ಲಿ ಹಿಂದುಳಿದವರು ಎಂಜಿನಿಯರಿಂಗ್, ವೈದ್ಯಕೀಯ, ನಾಗರಿಕ ಸೇವೆಗಳತ್ತ ಹೊರಳುತ್ತಾರೆ.

ಇತ್ತೀಚಿನ ಬದಲಾವಣೆಗಳು

ದೀರ್ಘಕಾಲ ಇವು ಹುಡುಗರ ಶಾಲೆಗಳಾಗಿಯೇ ಇದ್ದವು. ಮಿಜೋರಾಂನ ಛಿಂಗ್‌ಛಿಪ್ ಸೈನಿಕ ಶಾಲೆ 2018ರಲ್ಲಿ ಪ್ರಾಯೋಗಿಕವಾಗಿ ಹುಡುಗಿಯರನ್ನು ಸೇರಿಸಿಕೊಂಡಿತು. 2021–22ರಿಂದ ಉಳಿದ ಸೈನಿಕ ಶಾಲೆಗಳಲ್ಲೂ ಈ ಅವಕಾಶ ದೊರೆಯಿತು. 2021ರಲ್ಲಿ ಸುಪ್ರೀಂ ಕೋರ್ಟ್ ಎನ್‌ಡಿಎ ಪರೀಕ್ಷೆ ಬರೆಯಲು ಮಹಿಳೆಯರಿಗೆ ಅನುಮತಿ ನೀಡಿತು. ಮರುವರ್ಷ ಡೆಹ್ರಾಡೂನಿನ ಶಾಲೆಗೂ ಹುಡುಗಿಯರು ಸೇರಿದರು. ಸ್ವಯಂಸೇವಾ ಸಂಸ್ಥೆಗಳು, ಖಾಸಗಿ ಶಾಲೆಗಳು ಮತ್ತು ರಾಜ್ಯ ಸರ್ಕಾರಗಳ ಸಹಭಾಗಿತ್ವದಲ್ಲಿ 100 ಹೊಸ ಸೈನಿಕ ಶಾಲೆಗಳನ್ನು ತೆರೆಯಲು ಕೇಂದ್ರ ಸಚಿವ ಸಂಪುಟ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಈ ಶಾಲೆಗಳು ತಾವು ಸೇರಿದ ಮಂಡಳಿಯ ಪಠ್ಯದೊಂದಿಗೆ ಸೈನಿಕ ಶಾಲಾ ಪದ್ಧತಿಯ ಹೆಚ್ಚುವರಿ ಪಠ್ಯಕ್ರಮವನ್ನೂ ಬೋಧಿಸುತ್ತವೆ.