ಹಿತ್ತಿಲ ವೀಕ್ಷಣಾಲಯಕ್ಕೆ ಕಂಬವೇ ಆಧಾರ

ಆಕಾಶಕಾಯಗಳ ಛಾಯಾಗ್ರಹಣಕ್ಕೆ ತೊಡಗುವ ಹವ್ಯಾಸಿಗಳ ಗಮನ ಮೊದಲು ಹರಿಯುವುದು ದೂರದರ್ಶಕದ ಕಡೆಗೆ. ಆದರೆ ಚಿತ್ರದ ಸ್ಪಷ್ಟತೆ ಬಹುಮಟ್ಟಿಗೆ ಅದನ್ನು ಹೊರುವ ಕಂಬ ಹಾಗೂ ಮೌಂಟ್ ಎಂಬ ತಿರುಗುಪೀಠವನ್ನು ಅವಲಂಬಿಸಿದೆ.

ಭೂಮಿಯ ಆವರ್ತನದಿಂದಾಗಿ ನಕ್ಷತ್ರಗಳು ಗಂಟೆಗೆ ಸುಮಾರು 15 ಡಿಗ್ರಿ ಸರಿದಂತೆ ತೋರುತ್ತವೆ. ಮಸುಕಾದ ನೀಹಾರಿಕೆಯ ಚಿತ್ರಕ್ಕಾಗಿ ಕ್ಯಾಮೆರಾವನ್ನು ನಿಮಿಷಗಟ್ಟಲೆ ತೆರೆದಿಟ್ಟಾಗ ಪೀಠವೂ ಅದೇ ವೇಗದಲ್ಲಿ ತಿರುಗದಿದ್ದರೆ ಚುಕ್ಕೆಗಳು ಗೆರೆಗಳಾಗುತ್ತವೆ. ಆದ್ದರಿಂದ ಪೀಠದ ಅಕ್ಷವು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು.

ಇದಕ್ಕೆ ಧ್ರುವ ನಕ್ಷತ್ರವೇ ಗುರುತು. ಅದು ಕಾಣುವ ಎತ್ತರ ಊರಿನ ಅಕ್ಷಾಂಶಕ್ಕೆ ಹೆಚ್ಚುಕಡಿಮೆ ಸಮ: ಬೆಂಗಳೂರಿನಲ್ಲಿ ಸುಮಾರು 13 ಡಿಗ್ರಿ, ಬೀದರಿನಲ್ಲಿ 18. ಇಷ್ಟು ತಗ್ಗಿನ ನಕ್ಷತ್ರವನ್ನು ನೆರೆಮನೆಯ ಗೋಡೆ ಅಥವಾ ತೆಂಗಿನ ಮರ ಮರೆಮಾಡಬಲ್ಲದು. ಉತ್ತರ ದಿಕ್ಕು ತೆರೆದಿರುವ, ಬೀದಿದೀಪ ನೇರವಾಗಿ ಬೀಳದ ಜಾಗವೇ ಸೂಕ್ತ.

ಕಂಬದ ಕಾಂಕ್ರೀಟ್ ಬುನಾದಿಗೂ ಕೋಣೆಯ ನೆಲಕ್ಕೂ ನಡುವೆ ಸಂದು ಬಿಡಬೇಕು; ಇಲ್ಲವಾದರೆ ಹೆಜ್ಜೆಯ ಕಂಪನವೂ ಚಿತ್ರವನ್ನು ಕೆಡಿಸುತ್ತದೆ. ಹಗಲು ಕಾದ ತಾರಸಿ ರಾತ್ರಿ ಬಿಸಿಯನ್ನು ಹೊರಸೂಸಿ ಬಿಂಬವನ್ನು ನಡುಗಿಸುವುದರಿಂದ ಹಿತ್ತಿಲೇ ಮೇಲು. ಹಳಿಗಳ ಮೇಲೆ ಸರಿಯುವ ಚಾವಣಿ ಅನುಕೂಲಕರ. ಮಳೆಗಾಲದಲ್ಲಿ ಮಸೂರಗಳಿಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಇಟ್ಟು ಮುಚ್ಚಿಡಬೇಕು.

ಕಾಂಕ್ರೀಟ್ ಗಟ್ಟಿಯಾದ ಬಳಿಕ ಕಂಬವನ್ನು ಸರಿಸಲಾಗದು. ಕೆಲವು ರಾತ್ರಿ ಮುಕ್ಕಾಲಿಯ ಮೇಲೆ ಉಪಕರಣವನ್ನಿಟ್ಟು ಜಾಗವನ್ನು ಪರೀಕ್ಷಿಸಿಯೇ ಗುಂಡಿ ತೋಡುವುದು ಲೇಸು.